ಮೇಷ್ಟ್ರು ಕಟ್ಟಿದ ಕ್ವಾರ್ಟರ್‌ಬ್ಯಾಕ್

ಲೋಕದಲ್ಲಿ ಅಳಿಯಂದಿರ ಮೇಲೆ ಮಾವಂದಿರು ಹೇಳುವ ದೂರುಗಳು ಹಲವು ಬಗೆ. ಒಬ್ಬರ ಅಳಿಯ ಕುಡಿಯುತ್ತಾನೆ, ಇನ್ನೊಬ್ಬರ ಅಳಿಯ ಹೊಡೆದಾಡುತ್ತಾನೆ, ಮತ್ತೊಬ್ಬರ ಅಳಿಯ ಹಾಡುತ್ತಾನೆ. ನಮ್ಮ ಮೇಷ್ಟ್ರ ದೂರು ಈ ಯಾವ ಜಾತಿಗೂ ಸೇರಿದ್ದಲ್ಲ. ಅವರ ಅಳಿಯ ಮಾತನಾಡುತ್ತಿರಲಿಲ್ಲ.

ಮಾತನಾಡುತ್ತಿರಲಿಲ್ಲ ಎಂದರೆ ಅವನೇನು ಮುನಿಸಿಕೊಂಡವನಲ್ಲ, ಗರ್ವಿಷ್ಠನೂ ಅಲ್ಲ. ಎತ್ತರದ ಕಟ್ಟಡಗಳಲ್ಲಿ ಕೆಟ್ಟು ನಿಂತ ಲಿಫ್ಟುಗಳನ್ನು ರಿಪೇರಿ ಮಾಡುವ ಕೆಲಸ ಅವನದು. ಮದುವೆಯಾದ ಮೇಲೆ ಮೇಷ್ಟ್ರ ಮನೆಯ ಮಹಡಿಯಲ್ಲಿದ್ದ ಎರಡು ಕೋಣೆಗಳಿಗೆ ಬಂದು ಒಂದು ವರ್ಷವಾಗಿತ್ತು. ಈ ಅವಧಿಯಲ್ಲಿ ಮಾವ-ಅಳಿಯರ ನಡುವೆ ನಡೆದ ಸಂಭಾಷಣೆಯನ್ನು ಅಂಚೆ ಚೀಟಿಯ ಹಿಂಬದಿಯಲ್ಲಿ ಬರೆದು ಮುಗಿಸಬಹುದಿತ್ತು. "ಊಟ ಆಯ್ತಾ?" ಎಂದರೆ "ಹೂಂ." "ಕೆಲಸ ಹೇಗಿದೆ?" ಎಂದರೆ "ನಡೀತಿದೆ." ಪ್ರೌಢಶಾಲೆಯಲ್ಲಿ ಬದುಕಿಡೀ ಭಾಷೆ ಕಲಿಸಿ ನಿವೃತ್ತರಾದ ಮೇಷ್ಟ್ರಿಗೆ ಇದು ವೈಯಕ್ತಿಕ ಅವಮಾನದಂತೆ ಕಾಣುತ್ತಿತ್ತು.

"ಇವರ ವಾಕ್ಯದಲ್ಲಿ ಕರ್ತೃವಿಲ್ಲ, ಕರ್ಮವಿಲ್ಲ. ಬರೀ ಅವ್ಯಯ ಕಣೇ," ಎಂದು ಅವರು ಹೆಂಡತಿಯ ಮುಂದೆ ಗೊಣಗಿದರು.

ಹೆಂಡತಿ ಹರಿದ ಚೀಲವೊಂದಕ್ಕೆ ಜಿಪ್ಪು ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ನೀವು ಕೇಳೋದಾದ್ರೂ ಹೇಗೆ ಅಂತ ಒಂದ್ಸಲ ಕೇಳಿಸ್ಕೊಂಡಿದ್ದೀರಾ? ಬೆಂಚಿನ ಮೇಲೆ ನಿಲ್ಲಿಸಿ ಕೇಳಿದ ಹಾಗಿರುತ್ತೆ. ಅವ್ನು ಪಾಪ, ತಪ್ಪು ಉತ್ತರ ಹೇಳೋದಕ್ಕಿಂತ ಹೂಂ ಅನ್ನೋದು ವಾಸಿ ಅಂದ್ಕೊಂಡಿದ್ದಾನೆ."

ಮೇಷ್ಟ್ರು ಆ ಕ್ಷಣಕ್ಕೆ ನಕ್ಕುಬಿಟ್ಟರೂ ಮಾತು ಮನಸ್ಸಿನಲ್ಲಿ ಉಳಿಯಿತು. ಅದಕ್ಕೆ ಕಾರಣವೂ ಇತ್ತು. ಹಿಂದಿನ ವಾರವಷ್ಟೇ ಮಗಳು, "ಅಪ್ಪ, ಇವ್ರು ಕೆಲಸದ ಹತ್ರ ಎಲ್ಲಾದ್ರೂ ಬೇರೆ ಮನೆ ನೋಡೋಣ್ವಾ ಅಂತಿದ್ದಾರೆ. ಇಲ್ಲಿ ಯಾಕೋ ಇನ್ನೂ ನೆಂಟರ ಹಾಗೇ ಅನಿಸುತ್ತಂತೆ," ಎಂದು ಹೇಳಿ, ಹೇಳಬಾರದಿತ್ತೇನೋ ಎಂಬಂತೆ ತುಟಿ ಕಚ್ಚಿಕೊಂಡಿದ್ದಳು. ನೆಂಟ ಎಂದರೆ ಇವತ್ತಲ್ಲ ನಾಳೆ ಎದ್ದು ಹೋಗುವವನು. ಮೇಷ್ಟ್ರು ಅಂದಿನಿಂದ ಮಹಡಿಯ ಮೆಟ್ಟಿಲಿನ ಸದ್ದಿಗೆ ಕಿವಿಗೊಡುವುದನ್ನು ಕಲಿತಿದ್ದರು.

ಕೊನೆಗೆ ಉಪಾಯ ಹುಡುಕಿದವಳು ಮಗಳೇ. ಅಳಿಯನಿಗೆ ಕಂಪ್ಯೂಟರಿನಲ್ಲಿ ಆಡುವ ಒಂದು ಫುಟ್‌ಬಾಲ್ ಆಟದ ಗೀಳಿತ್ತು. ಅವನ ಜೊತೆ ಕೆಲಸ ಮಾಡುವವರೆಲ್ಲ ಸೇರಿ ತಂಡಗಳನ್ನು ಕಟ್ಟಿಕೊಂಡು ಒಂದು ಲೀಗ್ ನಡೆಸುತ್ತಿದ್ದರು. ಹೊಸ ಸೀಸನ್ನಿಗೆ ಪ್ರತಿ ತಂಡಕ್ಕೂ ಇಬ್ಬರು ಯಜಮಾನರು ಬೇಕು ಎಂದಾಗ ಮಗಳು ತಾನೂ ಅಮ್ಮನೂ ಒಂದು ತಂಡ, ಅಪ್ಪನೂ ಗಂಡನೂ ಒಂದು ತಂಡ ಎಂದು ಯಾರನ್ನೂ ಕೇಳದೆ ಹೆಸರು ಕೊಟ್ಟುಬಂದಳು.

"ನನಗೆ ಫುಟ್‌ಬಾಲ್ ಗೊತ್ತಿಲ್ವಲ್ಲಮ್ಮ," ಎಂದರು ಮೇಷ್ಟ್ರು.

"ಇದು ನಿಮಗೆ ಗೊತ್ತಿಲ್ಲದೆ ಇರೋ ಫುಟ್‌ಬಾಲೂ ಅಲ್ಲ ಅಪ್ಪ. ಬೇರೆ."

ಬೇರೆಯೇ ಆಗಿತ್ತು. ಅಮೆರಿಕದವರ ಆಟ, ಹೆಸರಿಗೆ ಫುಟ್‌ಬಾಲ್, ಆಡುವುದು ಕೈಯಲ್ಲಿ. ಚೆಂಡು ಎಂದರೆ ಗುಂಡಗಿರಬೇಕು ಎಂಬ ಕನಿಷ್ಠ ಮರ್ಯಾದೆಯೂ ಇಲ್ಲದೆ ಎರಡೂ ತುದಿ ಚೂಪಾಗಿದ್ದ ವಸ್ತು ಅದು. ತಂಡದ ನಡುವೆ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬ ಮಹಾಶಯ ನಿಂತು, ಎದುರಾಳಿಗಳು ಮೈಮೇಲೆ ಬೀಳುವುದರೊಳಗೆ ಚೆಂಡನ್ನು ಯಾರಿಗೆ ಎಸೆಯಬೇಕೆಂದು ತೀರ್ಮಾನಿಸಿ ಎಸೆಯಬೇಕು. (ಹೆಸರಿನಲ್ಲಿ ಕಾಲು ಭಾಗವಾದರೂ ಹೊರೆ ಮುಕ್ಕಾಲು ಅವನದೇ ಎಂಬುದನ್ನು ಮೇಷ್ಟ್ರು ಕೂಡಲೇ ಗಮನಿಸಿದರು. ಮನೆಗಳಲ್ಲಿಯೂ ಅಂಥವರು ಒಬ್ಬರಿರುತ್ತಾರೆ. ಈ ಮನೆಯಲ್ಲಿ ಅಂಥವರು ಆ ಹೊತ್ತಿಗೆ ಚೀಲಕ್ಕೆ ಜಿಪ್ಪು ಹೊಲಿಯುತ್ತಿದ್ದರು.)

ಆಟಗಾರರನ್ನು ಮೈದಾನದಲ್ಲಿ ಓಡಿಸುವುದು ಕಂಪ್ಯೂಟರು. ಯಜಮಾನರ ಕೆಲಸ ಆಟಗಾರನನ್ನು ಹುಟ್ಟಿಸುವುದು. ನೂರು ಅಂಕ ಕೊಡುತ್ತಾರೆ. ತೋಳಿನ ಬಲ, ಗುರಿ, ಓಟ, ಕಣ್ಣೋಟ, ಚೆಂಡಿನ ಹಿಡಿತ, ಪೆಟ್ಟು ತಾಳುವ ಶಕ್ತಿ, ಎದೆಗಾರಿಕೆ, ಹೀಗೆ ಒಂದೊಂದು ಗುಣಕ್ಕೂ ಅದರಲ್ಲಿ ಇಷ್ಟಿಷ್ಟು ಎಂದು ಹಂಚಬೇಕು. ಭಾನುವಾರ ಮಧ್ಯಾಹ್ನದೊಳಗೆ ಹಂಚಿ ಮುಗಿಸಿದರೆ ಸಂಜೆ ಪಂದ್ಯ.

ಅಂಕ ಹಂಚುವುದು ಎಂದ ಕೂಡಲೇ ಮೇಷ್ಟ್ರ ಬೆನ್ನು ನೆಟ್ಟಗಾಯಿತು. ಈ ಭೂಮಿಯ ಮೇಲೆ ಅವರಿಗೆ ಗೊತ್ತಿದ್ದ ಕೆಲಸ ಅದೊಂದೇ.

ಭಾನುವಾರ ಬೆಳಿಗ್ಗೆ ಮಾವ-ಅಳಿಯ ಊಟದ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ಮೇಜಿನ ಆ ಬದಿಯಲ್ಲಿ ತಾಯಿ-ಮಗಳು ತಮ್ಮ ಆಟಗಾರನನ್ನು ಹುಟ್ಟಿಸುತ್ತಿದ್ದರು.

"ನಮ್ಮೋನಿಗೆ ಕಣ್ಣು ಚೆನ್ನಾಗಿರ್ಲಿ," ಎಂದರು ಹೆಂಡತಿ. "ಯಾರು ಎಲ್ಲಿದ್ದಾರೆ ಅಂತ ನೋಡದೇನೇ ಎಸೆಯೋ ಗಂಡಸರನ್ನ ಬೇಕಾದಷ್ಟು ನೋಡಿದ್ದೀನಿ. ಬಿದ್ದರೆ ಎದ್ದೇಳ್ಬೇಕು, ಅದಕ್ಕಷ್ಟು ಹಾಕು. ಉಳಿದಿದ್ದೆಲ್ಲ ಗುರಿಗೆ ಸುರಿದುಬಿಡು. ಮುಗೀತಾ? ಏಳು, ಬಟ್ಟೆ ಒಣಗಿಹಾಕೋಣ."

ಚಹಾ ಆರುವುದರೊಳಗೆ ಅವರ ಸೃಷ್ಟಿಕಾರ್ಯ ಮುಗಿದುಹೋಯಿತು. ಇತ್ತ ಮೇಷ್ಟ್ರು ಇನ್ನೂ ಪೀಠಿಕೆಯಲ್ಲಿದ್ದರು.

"ಮೊದಲು ಶೀಲ," ಎಂದರು.

"ಅದಿಲ್ಲ ಮಾವ," ಎಂದ ಅಳಿಯ.

"ಸತ್ಯಸಂಧತೆ?"

"ಅದೂ ಇಲ್ಲ." ಅವನು ಪರದೆಯ ಮೊದಲ ಸಾಲಿಗೆ ಬೆರಳಿಟ್ಟು, "ತೋಳಿಗೆ ಜಾಸ್ತಿ ಕೊಟ್ರೆ ಒಳ್ಳೇದು," ಎಂದ.

ಮೇಷ್ಟ್ರಿಗೆ ರೋಮಾಂಚನವಾಯಿತು. ಅಳಿಯನ ಬಾಯಿಂದ ಪೂರ್ಣವಾಕ್ಯ! ಇನ್ನೊಂದು ಬರಲಿ ಎಂದು ಅವರು ಉಸಿರು ಬಿಗಿಹಿಡಿದಿರುವಾಗಲೇ ಫೋನ್ ಬಡಿದುಕೊಂಡಿತು. ಯಾವುದೋ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋಗಿ, ಒಳಗೆ ಒಬ್ಬ ವಕೀಲರು ಸಿಕ್ಕಿಕೊಂಡಿದ್ದರು. ಅಳಿಯ ಸಲಕರಣೆಗಳ ಪೆಟ್ಟಿಗೆ ಎತ್ತಿಕೊಂಡು ಹೊರಟವನು ಬಾಗಿಲಲ್ಲಿ ತಿರುಗಿ ನಿಂತ.

"ನೀವೇ ತುಂಬಿಬಿಡಿ ಮಾವ. ಈ ಸಲ ಗೆಲ್ಲೋ ಹಾಗೆ ಕಾಣುತ್ತೆ ನಮ್ಮ ತಂಡ. ನಿಮಗೆ ಬಿಟ್ಟಿದ್ದೀನಿ."

ಮೂರು ವಾಕ್ಯ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕುಳಿತರು. ಇದರಲ್ಲಿ ತಪ್ಪಬಾರದು. ಇದೊಂದನ್ನು ಚೆನ್ನಾಗಿ ಮಾಡಿದರೆ ಸಂಜೆ ಮಾತಾಡಲು ಒಂದು ವಿಷಯ, ನಾಳೆಗೆ ಇನ್ನೊಂದು, ಹಾಗೆಯೇ ಮೆಲ್ಲಗೆ ಬೇರೆ ಮನೆಯ ಮಾತು ಮರೆತೇಹೋಗಬಹುದು.

ಅವರು ತೋಳಿನ ಬಲದಿಂದ ಶುರುಮಾಡಿದರು. ಒಂದು ಗುಣಕ್ಕೆ ಹೆಚ್ಚೆಂದರೆ ಇಪ್ಪತ್ತು ಅಂಕ. ಅಳಿಯ ಜಾಸ್ತಿ ಎಂದಿದ್ದಾನೆ, ಸರಿ, ಜಾಸ್ತಿಯೇ ಇರಲಿ. ಹದಿಮೂರು ಕೊಟ್ಟರು. ಕೊಟ್ಟ ಮೇಲೆ ಕೈ ಧಾರಾಳವಾಯಿತೆನಿಸಿ ಹನ್ನೆರಡು ಮಾಡಿದರು.

ಇಲ್ಲಿ ಮೇಷ್ಟ್ರ ವಿಷಯ ಒಂದು ಮಾತು ಹೇಳಬೇಕು. ಅವರ ಕೈಯಿಂದ ಪೂರ್ತಿ ಅಂಕ ಪಡೆದ ವಿದ್ಯಾರ್ಥಿ ಈವರೆಗೆ ಹುಟ್ಟಿರಲಿಲ್ಲ. ಜಿಪುಣತನದಿಂದಲ್ಲ, ಅದು ಅವರ ಪ್ರೀತಿಯ ರೀತಿ. ಕಿರುಪರೀಕ್ಷೆಯಲ್ಲೇ ಎಲ್ಲವನ್ನೂ ಕೊಟ್ಟುಬಿಟ್ಟರೆ ಮಗು ವಾರ್ಷಿಕ ಪರೀಕ್ಷೆಗೆ ಯಾವ ಆಸೆಯಿಂದ ಓದೀತು? ಇನ್ನೂ ಇದೆ, ಇನ್ನೂ ಬಾ ಎಂದು ಕೈ ಹಿಂದಕ್ಕಿಟ್ಟುಕೊಂಡು ಕರೆಯುವುದೇ ಗುರುವಿನ ಧರ್ಮವೆಂದು ಅವರು ನಂಬಿದ್ದರು. ಆ ಹಿಂದಿಟ್ಟ ಕೈಯಲ್ಲಿ ಏನಿದೆಯೆಂದು ಎಷ್ಟೋ ಮಕ್ಕಳಿಗೆ ಕೊನೆಗೂ ತಿಳಿಯಲಿಲ್ಲ ಎಂಬುದು ಬೇರೆ ಮಾತು.

ಕಣ್ಣೋಟಕ್ಕೆ ಹನ್ನೊಂದು. ಗುರಿಗೆ ಹತ್ತು. ಓಟಕ್ಕೆ ಆರು, ಓಡಿಹೋಗುವವನನ್ನು ಯಾರೂ ಮೆಚ್ಚುವುದಿಲ್ಲ. ಎದೆಗಾರಿಕೆಗೆ ಎಂಟು, ಎಳೆಯ ಹುಡುಗ, ಬರಬರುತ್ತಾ ಬರುತ್ತದೆ. ಹೀಗೆ ಎಲ್ಲ ಗುಣಗಳಿಗೂ ತೂಗಿ ತೂಗಿ ಹಾಕಿದ ಮೇಲೆ ಇನ್ನೂ ಮೂವತ್ತೆಂಟು ಅಂಕ ಉಳಿದಿದ್ದವು. ಮೇಷ್ಟ್ರಿಗೆ ತೃಪ್ತಿಯಾಯಿತು. ಹುಡುಗ ಮೊದಲ ಪಂದ್ಯದಲ್ಲಿ ಹೇಗೆ ನಡೆದುಕೊಳ್ಳುತ್ತಾನೋ ನೋಡಿಕೊಂಡು ಉಳಿದದ್ದನ್ನು ಕೊಟ್ಟರಾಯಿತು.

ಮುಗಿಸುವ ಗುಂಡಿ ಒತ್ತಿದಾಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು. ಅಂಕಗಳು ಉಳಿದಿವೆ, ಹೀಗೆಯೇ ಮುಗಿಸುವಿರಾ ಎಂದು ಕೇಳಿತು. ಹೌದು ಎಂದರು ಮೇಷ್ಟ್ರು. ಖಂಡಿತವೇ, ಮತ್ತೊಮ್ಮೆ ಯೋಚಿಸಿ ಎಂದಿತು. ಮೇಷ್ಟ್ರು ಮುಗುಳ್ನಕ್ಕರು. ಈ ಧ್ವನಿ ಅವರಿಗೆ ಹೊಸದಲ್ಲ. ಪರೀಕ್ಷೆಯ ಮಾರನೆಯ ದಿನ ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತು 'ಇನ್ನೊಂದೆರಡು ಅಂಕ ಹಾಕಿಕೊಡಿ ಸಾರ್' ಎಂದು ಕೈ ಹಿಸುಕಿಕೊಳ್ಳುತ್ತಿದ್ದ ತಂದೆತಾಯಿಯರ ಧ್ವನಿ ಅದು. ಅವರಿಗೇ ಬಗ್ಗದ ಮೇಷ್ಟ್ರು ಒಂದು ಯಂತ್ರಕ್ಕೆ ಬಗ್ಗುವರೇ? ದೃಢಚಿತ್ತದಿಂದ ಮತ್ತೊಮ್ಮೆ ಹೌದು ಒತ್ತಿದರು.

ಸಂಜೆಯ ಪಂದ್ಯದಲ್ಲಿ ಅವರ ತಂಡಕ್ಕೆ ಎದುರಾಗಿ ಬಿದ್ದಿದ್ದು ತಾಯಿ-ಮಗಳ ತಂಡವೇ. ವಕೀಲರನ್ನು ಬಿಡುಗಡೆ ಮಾಡಿ ಬಂದಿದ್ದ ಅಳಿಯ ಕೈಕಾಲು ತೊಳೆದು, ಮಾವನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ಪರದೆಯಲ್ಲಿ ಒಂದೊಂದೇ ಸಾಲು ಮೂಡುತ್ತಿತ್ತು, ಮಗಳು ಗಟ್ಟಿಯಾಗಿ ಓದುತ್ತಿದ್ದಳು.

"ಅಪ್ಪನ ಹುಡುಗ ಚೆಂಡು ಎಸೆದ. ಅರ್ಧಕ್ಕೇ ಬಿತ್ತು."

"ಮೊದಲ ಪ್ರಯತ್ನ," ಎಂದರು ಮೇಷ್ಟ್ರು.

"ಅಪ್ಪನ ಹುಡುಗನ ಕೈಯಿಂದ ಚೆಂಡು ಜಾರಿತು. ಅಮ್ಮನ ಹುಡುಗ ಐವತ್ತು ಗಜ ಎಸೆದ. ಟಚ್‌ಡೌನ್, ಅಂದ್ರೆ ಗೋಲಿದ್ದ ಹಾಗೆ, ಒಂದಕ್ಕೇ ಆರು ಪಾಯಿಂಟು. ಅಪ್ಪನ ಹುಡುಗ ಎದುರಾಳಿಗಳನ್ನ ನೋಡಿ ಹೆದರಿದ."

"ಅಂತ ಬರೆದಿದೆಯಾ?" ಎಂದು ಕೇಳಿದ ಅಳಿಯ.

"ಹೆದರಿದ ಅಂತಾನೇ ಬರೆದಿದೆ ರೀ. ಈಗ ಅಪ್ಪನ ಹುಡುಗ ಬಿದ್ದ. ಎದ್ದಿಲ್ಲ. ಸ್ಟ್ರೆಚರ್ ಬಂತು."

"ಅಯ್ಯೋ, ಆ ಮಗೂಗೆ ಊಟ ಹಾಕಿದ್ದೀರೋ ಇಲ್ವೋ?" ಎಂದರು ಹೆಂಡತಿ.

ನಲವತ್ತೆಂಟಕ್ಕೆ ಸೊನ್ನೆ. ಅಳಿಯ ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡು ಆಟಗಾರನ ವಿವರ ತೆಗೆದ. ನೋಡಿದ. ಮೇಲಿನಿಂದ ಕೆಳಗೆ ಕೂಡಿದ. ಕೆಳಗಿನಿಂದ ಮೇಲೆ ಕೂಡಿದ.

"ಮಾವ. ಮೂವತ್ತೆಂಟು ಅಂಕ ಎಲ್ಲಿ?"

"ಇಟ್ಟಿದ್ದೀನಿ," ಎಂದರು ಮೇಷ್ಟ್ರು. "ಹುಡುಗ ಸುಧಾರಿಸಿದ ಮೇಲೆ ಕೊಡೋಣ ಅಂತ."

"ಅದು ಉಳಿಯಲ್ಲ ಮಾವ. ಕೊಡದೆ ಇದ್ರೆ ಹೋಯ್ತು ಅಷ್ಟೇ."

"ಬಡಿಸದೆ ಮುಚ್ಚಿಟ್ಟರೆ ಹಳಸುತ್ತೆ," ಎಂದರು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ. "ಮದುವೆಯಾದಾಗಿನಿಂದ ಹೇಳ್ತಿದ್ದೀನಿ. ಅಡುಗೆ ಹೇಗಿದೆ ಅಂದ್ರೆ ಪರವಾಗಿಲ್ಲ ಅಂತಾರೆ. ಪರವಾಗಿಲ್ಲ ಅನ್ನೋದೇ ಇವರ ಕಡೆ ಫಸ್ಟ್ ಕ್ಲಾಸು."

ಮೇಷ್ಟ್ರು ತಲೆ ತಗ್ಗಿಸಿದರು. ನಂಬಿ ಬಿಟ್ಟುಹೋದ ಒಂದೇ ಒಂದು ಕೆಲಸ. ಇನ್ನು 'ಹೂಂ' ಕೂಡ ಬರಲಾರದು. ನಾಳೆಯೇ ಗಾಡಿ ಬಂದು ಮಹಡಿಯ ಮಂಚ, ಕಪಾಟು ಇಳಿಯಬಹುದು. ಅವರು ಅಳಿಯನ ಮುಖ ನೋಡುವ ಧೈರ್ಯವಿಲ್ಲದೆ ಮೇಜಿನ ಮೇಲಿದ್ದ ಲೋಟದ ಗುರುತನ್ನು ಬೆರಳಿನಿಂದ ಉಜ್ಜುತ್ತಾ ಕುಳಿತರು.

ಆಗ ಅಣೆಕಟ್ಟು ಒಡೆಯಿತು.

"ಅಲ್ಲ ಮಾವ, ಎದೆಗಾರಿಕೆಗೆ ಎಂಟಾ? ನಮ್ಮ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಆ ವಕೀಲರಿಗೇ ಹತ್ತು ಕೊಡಬಹುದಿತ್ತು, ಅವರು ಒಳಗಿನಿಂದ ಅಳ್ತಿದ್ರು. ಪೆಟ್ಟು ತಾಳೋದಕ್ಕೆ ಏಳಂತೆ. ಏಳು ಇಟ್ಕೊಂಡು ಅಲ್ಲಿ ನಿಂತರೆ ಗಾಳಿ ಬೀಸಿದ್ರೆ ಬೀಳ್ತಾನೆ. ಓಟ ಆರು ಸರಿ, ಒಪ್ತೀನಿ, ಆದ್ರೆ ಓಡದೆ ಇರೋನಿಗೆ ತೋಳಾದ್ರೂ ಬೇಕಲ್ಲ? ಎರಡೂ ಇಲ್ಲ ಅಂದ್ರೆ ಅವನು ಅಲ್ಲಿ ಮಾಡೋದಾದ್ರೂ ಏನು, ಹಾಜರಿ ಕೂಗ್ತಾನಾ? ಯಂತ್ರ ಎರಡೆರಡು ಸಲ ಕೇಳುತ್ತೆ ಮಾವ, ಎರಡು ಸಲ! ಲಿಫ್ಟಿನಲ್ಲೂ ಹೀಗೇ, ಕೆಂಪು ದೀಪ ಹತ್ತಿದ್ರೆ ಜನ ಅದನ್ನ ಅಲಂಕಾರ ಅಂದ್ಕೋತಾರೆ. ಈಗ ಇವನನ್ನ ಬದಲಾಯಿಸೋ ಹಾಗಿಲ್ಲ. ಇಡೀ ವರ್ಷ ನೀವೂ ನಾನೂ ದಿನಾ ಸಂಜೆ ಕೂತ್ಕೊಂಡು ಇವನಿಗೆ ತರಬೇತಿ ಕೊಟ್ಟು ತಿದ್ದಬೇಕು."

ಮಗಳು ಬಾಯಿ ತೆರೆದು ಗಂಡನನ್ನೇ ನೋಡುತ್ತಿದ್ದಳು. ಮೇಷ್ಟ್ರಿಗೆ ಉಳಿದದ್ದೆಲ್ಲ ಕೇಳಿಸಿತೋ ಇಲ್ಲವೋ. 'ಇಡೀ ವರ್ಷ' ಎಂಬುದು ಮಾತ್ರ ಕಿವಿಯಲ್ಲಿ ನಿಂತಿತು. ನೆಂಟರು ಯಾರನ್ನೂ ಹೀಗೆ ಬಯ್ಯುವುದಿಲ್ಲ ಎಂದು ಅವರಿಗೆ ತೋರಿತು. ನೆಂಟರು ಸೌಜನ್ಯದಿಂದ ಹೂಂ ಎಂದು ಎದ್ದುಹೋಗುತ್ತಾರೆ. ತಪ್ಪಿಗೆ ಕೆಂಪು ಗೆರೆ ಎಳೆಯುವವರು ನಮ್ಮವರು.

"ಇನ್ನೂ ಹೇಳಿ," ಎಂದರು.

ಹಾಗೆ ಹೇಳಬಾರದಿತ್ತು. ಅಳಿಯ ಅಂದಿನಿಂದ ಇನ್ನೂ ಹೇಳುತ್ತಲೇ ಇದ್ದಾನೆ. ಬೆಳಿಗ್ಗೆ ಮೇಷ್ಟ್ರು ಹಲ್ಲುಜ್ಜುವಾಗ ಬಚ್ಚಲಿನ ಬಾಗಿಲಾಚೆ ನಿಂತು ಚೆಂಡಿನ ಹಿಡಿತದ ಬಗ್ಗೆ ಹೇಳುತ್ತಾನೆ. ಪತ್ರಿಕೆ ಬಿಡಿಸಿದರೆ ಪತ್ರಿಕೆಯ ಮೇಲಿನಿಂದ ಬಗ್ಗಿ ಕಣ್ಣೋಟದ ಬಗ್ಗೆ ಹೇಳುತ್ತಾನೆ. ನಡುವೆ ಲಿಫ್ಟುಗಳ ಕಥೆ, ಚಿಕ್ಕಂದಿನ ಕಥೆ, ಶಾಲೆಯಲ್ಲಿ ತನಗೆ ಕಡಿಮೆ ಅಂಕ ಕೊಟ್ಟ ಭಾಷೆಯ ಮೇಷ್ಟ್ರೊಬ್ಬರ ಕಥೆ. ಎರಡು ವಾರಗಳಲ್ಲಿ ಮೇಷ್ಟ್ರಿಗೆ ಕಿವಿ ತುಂಬಿ, ಮಧ್ಯಾಹ್ನದ ನಿದ್ದೆ ಎಂಬುದು ಪುರಾಣಕಾಲದ ಸಂಗತಿಯಾಯಿತು.

ಒಂದು ಮಧ್ಯಾಹ್ನ ಅಳಿಯನ ರಜೆ. ಮೇಷ್ಟ್ರು ಬಾಗಿಲು ಮುಂದೆ ಮಾಡಿಕೊಂಡು, ಮುಸುಕೆಳೆದು, ಪಿಸುದನಿಯಲ್ಲಿ ಹೆಂಡತಿಗೆ, "ನಾನು ಮಲಗಿದ್ದೀನಿ ಅನ್ನು. ಏನಿದು ಮಾತು ಕಣೇ, ಪೂರ್ಣವಿರಾಮವೇ ಇಲ್ಲ. ಮೊದಲೇ ವಾಸಿಯಾಗಿತ್ತು," ಎಂದರು.

"ಮೊದಲೇ ವಾಸಿಯಾಗಿದ್ರೆ ಹಾಗೇ ಆಗ್ಲಿ," ಎಂದರು ಹೆಂಡತಿ. "ಮೇಲಿನ ಕೋಣೆಗೆ ಬಣ್ಣ ಹೊಡೆಸೋಣ ಅಂತ ಇವತ್ತು ತಾನೇ ಕೇಳ್ತಿದ್ದ. ಬೇಡ ಅಂತ ಹೇಳ್ಬಿಡ್ತೀನಿ."

ಮೇಷ್ಟ್ರು ಮುಸುಕನ್ನು ಮೂಗಿನವರೆಗೆ ಸರಿಸಿದರು. ಮಹಡಿಯ ಮೆಟ್ಟಿಲಿನ ಮೇಲೆ ಸದ್ದಾಯಿತು. ಕೆಳಗಿಳಿಯಿತು. ಬಾಗಿಲ ಮುಂದೆ ನಿಂತಿತು. "ಮಾವ, ಎದ್ದಿದ್ದೀರಾ? ನಮ್ಮ ಹುಡುಗನ ವಿಷಯ ಒಂದು ಯೋಚನೆ ಬಂತು."

ಹೆಂಡತಿ, ಅವರು ಹೇಳಿಕೊಟ್ಟಂತೆಯೇ, "ಮಲಗಿದ್ದಾರಪ್ಪ," ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಎದ್ದು ಕುಳಿತು ಕನ್ನಡಕಕ್ಕೆ ತಡಕಾಡುತ್ತಿದ್ದರು.

"ಎಲ್ಲಿ ಮಲಗಿದ್ದೀನಿ," ಎಂದರು. "ಬಾರೋ, ಒಳಗೆ ಬಾ."