ಗಾಲಿ ಮನಿಯ ಪರದೆ

ಈ ಎಲ್ಲ ಫಜೀತಿಗೆ ಕಾರಣ ಒಂದು ಪರದೆ. ಅದೂ ಹೊಸದಲ್ಲ, ವಿಜಯಲಕ್ಷ್ಮಿಯ ಹಳೆಯ ಇಳಕಲ್ ಸೀರೆಯನ್ನು ಕತ್ತರಿಸಿ ಹೊಲಿದದ್ದು.

ಅವಳ ಗಂಡ ಗುರುಪಾದಯ್ಯ ಆಯುಷ್ಯವಿಡೀ ವಿಜಯಪುರ–ಹೊನವಾಡ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರ್. ರೊಟ್ಟಿ ಹಂಚಿನಂಥ ಸಪಾಟು ನೆಲದ ಮೇಲೆ ದಿನಾ ಹೋಗಿ ದಿನಾ ಬಂದವನು. ಮದುವೆಯಾದ ಹೊಸತರಲ್ಲಿ, ಯಾವ ಉಮೇದಿನಲ್ಲೋ ಏನೋ, ಹೆಂಡತಿಗೆ ಒಮ್ಮೆ ಅಂಬೋಲಿ ಘಾಟು ತೋರಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದ. ಆ ಮಾತು ಇಷ್ಟು ವರ್ಷ ಗಂಟಲಲ್ಲಿ ಸಿಕ್ಕ ಮುಳ್ಳಾಗಿ ಉಳಿದಿತ್ತು. ಈಗ ಹಳೇ ಟೆಂಪೋ ಒಂದನ್ನು ಹಿಡಿದು, ಅದರೊಳಗೆ ಮಂಚ, ಗ್ಯಾಸಿನ ಒಲೆ, ನೀರಿನ ಟಾಕಿ ಎಲ್ಲ ಕೂರಿಸಿ, ‘ಗಾಲಿ ಮನಿ’ ಎಂದು ಹೆಸರಿಟ್ಟು ತಯಾರಾಗಿದ್ದ. ಶಿವರಾತ್ರಿ ಹತ್ತಿರ ಬಂದಿತ್ತು. ಚಳಿ ಪೂರ್ತಿ ಹೋಗುವ ಮೊದಲೇ ಗುಡ್ಡ ನೋಡಬೇಕಿತ್ತು.

“ಮನಿ ಅಂದಮ್ಯಾಲೆ ಒಂದು ಮರೆ ಬ್ಯಾಡೇನು? ಡ್ರೈವರ್ ಸೀಟಿನ ಹಿಂದ ಪರದೆ ಕಟ್ಟು,” ಎಂದು ಬಾಜೂ ಮನೆಯ ಮಲಕವ್ವ ಸಲಹೆ ಕೊಟ್ಟಳು. ಮಲಕವ್ವನ ಸಲಹೆ ಪುಕ್ಕಟೆ, ಅದರ ಜೋಡಿ ಬರುವ ತಾಪತ್ರಯವೂ ಪುಕ್ಕಟೆ. ವಿಜಯಲಕ್ಷ್ಮಿ ಪರದೆ ಕಟ್ಟಿಯೇಬಿಟ್ಟಳು.

ಹೊರಡುವ ದಿನ ನಸುಕಿನಲ್ಲೇ ಗಂಡಹೆಂಡಿರಿಗೆ ಜಗಳವಾಯಿತು. ವಿಜಯಲಕ್ಷ್ಮಿ ಕಟಕ ರೊಟ್ಟಿಯ ಬುಟ್ಟಿ, ಚಟ್ನಿಪುಡಿ ಡಬ್ಬಿ ಏರಿಸಿದ್ದು ಸಾಲದೆಂದು ಖಾರ ಕುಟ್ಟುವ ಕಲ್ಲನ್ನೂ ಎತ್ತಿಕೊಂಡು ಬಂದಳು.

“ಕಲ್ಲ ಯಾಕ ಒಯ್ತಿ? ಗುಡ್ಡದಾಗ ಕಲ್ಲ ಸಿಗಂಗಿಲ್ಲೇನು?” ಎಂದ ಗುರುಪಾದಯ್ಯ. ಹೇಳಿದ್ದಲ್ಲದೆ ನಕ್ಕೂಬಿಟ್ಟ. ತಪ್ಪಾದದ್ದು ಆ ನಗೆ.

“ಆತು. ಗುಡ್ಡ ಕಣ್ಣಿಗಿ ಬೀಳೂತನಕ ನಿಮ್ಮ ಜೋಡಿ ಒಂದು ಮಾತೂ ಆಡಂಗಿಲ್ಲ,” ಎಂದು ವಿಜಯಲಕ್ಷ್ಮಿ ಒಳಗೆ ಹೋಗಿ ಪರದೆ ಎಳೆದಳು. ಆಕೆ ಹಟಕ್ಕೆ ಬಿದ್ದರೆ ಮುಗಿಯಿತು, ಇದು ಅವನಿಗೆ ಗೊತ್ತಿತ್ತು.

ಟಿಕೋಟಾ ದಾಟಿ ಹೊನವಾಡ ಬಂತು. ಅಲ್ಲಿ ಅತ್ತೆ ರುದ್ರವ್ವನ ಮನೆ. ನಿಲ್ಲಿಸದೆ ಹೋಗುವ ಧೈರ್ಯ ಯಾವ ಅಳಿಯನಿಗಿದೆ? ಆದರೆ ಇಳಿದರೆ ಚಹಾ, ಚಹಾ ಕುಡಿದರೆ ಊಟ. ಅದಕ್ಕೆ ಅವನು ಸೀಟಿನಲ್ಲೇ ಮುಂದೆ ನೋಡುತ್ತ ಕುಳಿತ. ಅತ್ತೆಯ ಕಡೆಗೆ ತಿರುಗಿ ನೋಡುವ ರೂಢಿಯೂ ಇರಲಿಲ್ಲ. ರುದ್ರವ್ವ ಹಳೇ ಕಾಲದವಳು. ಅಳಿಯನೆದುರು ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ, ಬಾಯಿ ತೆರೆದವಳಲ್ಲ. “ಇನ್ನೊಂದು ರೊಟ್ಟಿ ಬೇಕೇನು ಕೇಳು,” ಎಂದು ಮಗಳಿಗೆ ಹೇಳುವಳು. ಮಗಳು ಎದುರಿಗಿಲ್ಲದಿದ್ದರೆ ಬಾಗಿಲಿಗೆ ಹೇಳುವಳು.

ಹಿಂದಿನಿಂದ ಹೆಂಗಸರ ಗುಜುಗುಜು ಕೇಳಿತು. ಮಂಚ ನೋಡು, ಒಲೆ ನೋಡು, ಮೊಸರಿನ ಗಡಿಗೆ ಎಲ್ಲಿ, ಹೀಗೇನೋ. ಧಡ್ಡನೆ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಅತ್ತೆಯ ನೆರೆಮನೆಯ ಮಶಾಕಸಾಬ ಗಾಡಿಯ ಸುತ್ತ ಒಂದು ಸುತ್ತು ಬಂದ. ಸಂತೆಯಲ್ಲಿ ಎತ್ತುಗಳನ್ನು ಪರೀಕ್ಷೆ ಮಾಡಿ ಮುದುಕನಾದವನು.

“ಮೈಕಟ್ಟು ಚೊಲೋ ಐತ್ರಿ,” ಎಂದು ಗಾಡಿಯ ಪಕ್ಕೆಗೆ ಎರಡು ಸಲ ತಟ್ಟಿದ. ಟಪ್, ಟಪ್.

ಬಸ್ಸಿನ ತಗಡಿಗೆ ಎರಡು ಬಡಿತ ಬಿದ್ದರೆ ‘ರೈಟ್’ ಎಂದರ್ಥ. ಅದನ್ನು ಡ್ರೈವರನ ತಲೆ ಕೇಳುವುದಿಲ್ಲ, ಕಾಲು ಕೇಳುತ್ತದೆ. ಗುರುಪಾದಯ್ಯನ ಕಾಲು ಕೇಳಿತು, ಗಾಡಿ ಹೊರಟೇಬಿಟ್ಟಿತು.

ಊರು ದಾಟಿದ ಮೇಲೆ ಹಿಂದಿನಿಂದ ಸೌಟಿನಿಂದ ಬಡಿದ ಸಪ್ಪಳ. ಟಪ್, ಟಪ್.

“ಆತವಾ, ಜೋರ ಬಿಡ್ತೀನಿ,” ಎಂದು ಅವನು ಜೋರು ಬಿಟ್ಟ. ಮತ್ತೆ ಎರಡು ಬಡಿತ. ಮತ್ತಷ್ಟು ಜೋರು. ಹೆಂಡತಿಗೆ ಗುಡ್ಡದ ಮೇಲೆ ಇಷ್ಟು ಆಸೆಯಿತ್ತೇ ಎಂದುಕೊಂಡ.

ಪರದೆಯ ಹಿಂದೆ ಚಾರ್ಜಿಗಿಟ್ಟ ಅವನ ಫೋನು ಒದರತೊಡಗಿತು. “ಎತ್ತಬ್ಯಾಡ, ಆ ಮಲಕವ್ವನ ಇರಬೇಕು,” ಎಂದ. ಯಾರೂ ಎತ್ತಲಿಲ್ಲ. ಅಥಣಿಯಲ್ಲಿ ಚಹಾ ತಂದು ಪರದೆಯ ಸಂದಿಯಲ್ಲಿ ಕಪ್ಪು ಹಿಡಿದ. ಕಪ್ಪು ಒಳಗೆ ಹೋಯಿತು, ಸ್ವಲ್ಪ ಹೊತ್ತಿಗೆ ಬರಿದಾಗಿ ಹೊರಬಂತು. ಮಾತಿಲ್ಲದಿದ್ದರೂ ಚಹಾ ಕುಡಿದಳಲ್ಲ, ಸಿಟ್ಟು ಇಳಿಯುತ್ತಿದೆ ಎಂದುಕೊಂಡ.

ಚಿಕ್ಕೋಡಿ, ನಿಪ್ಪಾಣಿ, ಆಜರಾ ದಾಟಿದವು. ಹೊತ್ತು ಇಳಿಯುವ ವೇಳೆಗೆ ಘಾಟು ಸುರುವಾಯಿತು. ಒಂದು ಗುಡ್ಡದ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ದೂರದವು ನೀಲಿ. ಕಿಟಕಿಯಿಂದ ತಣ್ಣನೆ ಗಾಳಿ ನುಗ್ಗಿತು. ಜೀವಮಾನದಲ್ಲಿ ಮೊದಲ ಸಲ ಸ್ಟೇರಿಂಗು ಇಷ್ಟು ತಿರುಗಿಸಿ ಗುರುಪಾದಯ್ಯನಿಗೆ ಮಾತು ಉಕ್ಕಿ ಬಂತು.

“ಲಕ್ಷ್ಮೀ, ನೋಡಾಕತ್ತೀಯಿಲ್ಲೋ? ಭಾಳ ತಡಾ ಮಾಡಿದ್ನೆವಾ. ನಾ ದಿನಾ ರಾತ್ರಿ ದಣದು ಬಂದ್ರ ನೀ ಎದ್ದು ಬಿಸಿ ರೊಟ್ಟಿ ಬಡೀತಿದ್ದಿ. ಒಂದಿನಾ ಬ್ಯಾಸರ ಮಾಡಿಕೊಳ್ಳಲಿಲ್ಲ. ನೀ ಇರಲಿಲ್ಲಂದ್ರ ನಾ ಏನಾಗ್ತಿದ್ದೆ ಅಂತ ಬಸ್ ಹೊಡೀತ ಎಷ್ಟ ಸಲ ಅನಕೊಂಡೀನಿ. ನಿನ್ನ ಮುಂದ ಹೇಳಾಕ ನಾಚಿಕಿ.”

ಪರದೆಯ ಹಿಂದೆ ಮೂಗೆಳೆದ ಸಪ್ಪಳ. ಅವನಿಗೆ ಇನ್ನೂ ಹುರುಪು ಬಂತು.

“ಇನ್ನೊಂದು ಹೇಳ್ತೀನಿ, ಸಿಟ್ಟ ಮಾಡಬ್ಯಾಡ. ನಿಮ್ಮವ್ವ ಕಳಸೂ ಶೇಂಗಾ ಚಟ್ನ್ಯಾಗ ಉಪ್ಪ ಭಾಳ. ಮದಿವ್ಯಾದಾಗಿಂದ ಸುಮ್ನ ತಿಂದೀನಿ. ಹೇಳಾಕ ನನಗ ಅಂಜಿಕಿ. ಖರೇ ಅಂದ್ರ, ಎಷ್ಟ ಉಪ್ಪ ಹಾಕಿದ್ರೂ ತಿನ್ನತೀನಿ. ನಿನ್ನಂಥಾಕಿನ್ನ ಕೊಟ್ಟಾಳಲ್ಲ.”

ತಿರುವಿನಲ್ಲಿ ಅಗಲ ಜಾಗ ಸಿಕ್ಕಿತು. ಗಾಡಿ ನಿಲ್ಲಿಸಿ, ಎದೆ ಗಟ್ಟಿ ಮಾಡಿಕೊಂಡು ಪರದೆ ಸರಿಸಿದ.

ಮಂಚದ ಮೇಲೆ, ಕಿಟಕಿಗೆ ಮುಖ ಮಾಡಿ, ತಲೆ ತುಂಬ ಸೆರಗು ಹೊದ್ದು ರುದ್ರವ್ವ ಕುಳಿತಿದ್ದಳು. ಕೈಯಲ್ಲಿ ಸೌಟು.

ಗುರುಪಾದಯ್ಯ ಪರದೆ ಬಿಟ್ಟು, ಮತ್ತೊಮ್ಮೆ ಸರಿಸಿ ನೋಡಿದ. ರುದ್ರವ್ವ ಆಚೀಚೆ ನೋಡಿದಳು. ಮಗಳಿಲ್ಲ. ಬಾಗಿಲಿಗೆ ಹೇಳೋಣವೆಂದರೆ ಅದು ಬೆನ್ನ ಹಿಂದಿತ್ತು. ಕೊನೆಗೆ ನೇರವಾಗಿ ಅವನಿಗೇ ಹೇಳಿದಳು:

“ಅಳಿಯಂದ್ರ, ಇನ್ನ ಮ್ಯಾಲೆ ಉಪ್ಪ ಕಡಿಮಿ ಹಾಕ್ತೀನ್ರಿ.”

“ಅತ್ತೀ, ಲಕ್ಷ್ಮೀ ಎಲ್ಲಿ?”

“ಮಸರಿನ ಗಡಿಗಿ ತರಾಕ ಮನಿಯೊಳಗ ಹೋಗಿದ್ಲು. ಹುಡುಗರು ಹತ್ತ್ಯಾರು ಅಂತ ತಾನ ಬಾಗಲಾ ಹಾಕಿದ್ಲು. ನೀವು ಹೊಂಟೇಬಿಟ್ರಿ. ಒದರೂಣಂದ್ರ ಅಳಿಯನ ಮುಂದ ಹೆಂಗ ಒದರಲಿ? ಸೌಟಲೇ ಬಡದ್ಯಾ. ನೀವು ಇನ್ನಾ ಜೋರ ಬಿಟ್ರಿ.”

“ಅಥಣ್ಯಾಗರ ಇಳೀಬೇಕಿಲ್ಲರಿ?”

ರುದ್ರವ್ವ ಕಿಟಕಿಯ ಕಡೆ ತಿರುಗಿದಳು. “ಇಳೀಬೇಕಂತನ ಇದ್ದೆ. ಇಳದ್ರ ನೀವು ಗಾಡಿ ಹೊಳ್ಳಸ್ತಿದ್ರಿ. ನಾನೂ ಗುಡ್ಡ ನೋಡಿದ್ದಿಲ್ಲರಿ. ನನ್ನ ಯಾರೂ ಕೇಳಿದ್ದಿಲ್ಲ.”

ಗುರುಪಾದಯ್ಯನ ಕಣ್ಣು ತುಂಬಿತು. ಇಷ್ಟು ವರ್ಷ ಇವಳ ರೊಟ್ಟಿ ಉಂಡು, ಇವಳಿಗೇನು ಬೇಕೆಂದು ತಾನು ಒಮ್ಮೆಯೂ ಕೇಳಿರಲಿಲ್ಲ. ಕೌದಿ ತೆಗೆದು ಅವಳ ಹೆಗಲಿಗೆ ಹೊದಿಸಿದ. ಇಬ್ಬರೂ ಗುಡ್ಡ ನೋಡುತ್ತ ಕುಳಿತರು.

ಫೋನು ಮತ್ತೆ ಒದರಿತು. ಮಶಾಕಸಾಬ.

“ಏನ್ರಿ ಡ್ರೈವರ್ ಸಾಹೇಬ್ರ, ಮುಂಜಾನಿಂದ ಹಚ್ಚೇ ಹಚ್ಚಾಕತ್ತೇನಿ. ರುದ್ರಕ್ಕ ಅದಾಳಿಲ್ಲೋ?”

“ಅದಾರ. ಲಕ್ಷ್ಮೀಗಿ ಫೋನ್ ಕೊಡ್ರಿ ಜರಾ.”

ಆಚೆ ಕಡೆ ಗುಸುಗುಸು ನಡೆಯಿತು. ಮಶಾಕಸಾಬ ಕೆಮ್ಮಿದ. “ಆಕಿ ಇಲ್ಲೇ ಬಾಜೂಕ ಕುಂತಾಳ. ಖರೇ, ಆಕಿ ಇನ್ನಾ ಗುಡ್ಡ ನೋಡಿಲ್ಲಂತ. ಹಿಂಗಾಗಿ ನಿಮ್ಮ ಜೋಡಿ ಮಾತಾಡಂಗಿಲ್ಲಂತ. ಅವ್ವಗ ಚಳಿ ಆದೀತು, ಕೌದಿ ಹೊಚ್ಚಸ್ರಿ ಅಂತ ಹೇಳಾಕ ಹೇಳ್ಯಾಳ.”

ಮನಸ್ಸಿನ ಮಾತೆಲ್ಲ ಘಾಟಿನಲ್ಲೇ ಖರ್ಚಾಗಿತ್ತು. ಅದನ್ನು ಕೇಳಬೇಕಾದವಳು ಹೊನವಾಡದಲ್ಲಿ ಮೊಸರಿನ ಗಡಿಗೆ ಇಟ್ಟುಕೊಂಡು ಕುಳಿತಿದ್ದಳು.

ಹೊಳ್ಳಿ ಬರುವಾಗ ರುದ್ರವ್ವ ಮುಂದಿನ ಸೀಟಿಗೆ ಬಂದಳು. ಒಮ್ಮೆ ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ. ಅಳಿಯನೆದುರು ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಒಂದೊಂದಾಗಿ ಇಳಿಸತೊಡಗಿದಳು. ಮದುವೆಯಲ್ಲಿ ಅವನ ತಲೆಯ ಮೇಲಿನ ಪಟಗ ಸೊಟ್ಟಗಿತ್ತು ಎಂಬಲ್ಲಿಂದ ಸುರುಮಾಡಿ, ಬಸ್ಸು ಜೋರು ಓಡಿಸುತ್ತಿದ್ದ ಎಂಬಲ್ಲಿಗೆ ಬರುವಷ್ಟರಲ್ಲಿ ಆಜರಾ ಬಂದಿತ್ತು. ಗುರುಪಾದಯ್ಯ ಚಹಾಕ್ಕೆಂದು ನಿಲ್ಲಿಸಿ, ಸ್ಟೇರಿಂಗಿಗೆ ತಲೆಯೂರಿ ಕುಳಿತ.

“ಯಾಕ್ರಿ, ಸಪ್ಪಗ ಆದ್ರಿ? ಚಿಂತಿ ಮಾಡಬ್ಯಾಡ್ರಿ,” ಎಂದಳು ರುದ್ರವ್ವ. “ಮುಂದಿನ ವರ್ಷ ಬರೂಮುಂದ ಲಕ್ಷ್ಮೀನ್ನೂ ಕರಕೊಂಡು ಬರೂಣಂತ.”

ಹೇಳಿ, ಸೌಟಿನಿಂದ ತಗಡಿಗೆ ಎರಡು ಸಲ ಬಡಿದಳು. ಗುರುಪಾದಯ್ಯನ ಕಾಲು ಕೇಳಿತು. ಚಹಾ ಅಲ್ಲೇ ಉಳಿಯಿತು.