ಕ್ಯಾಮೆರಾ ವೈರಿಗೆ ಬಾಳೆನಾರು ಕಟ್ಟಿದ್ದು

೧೯೮೪ರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ. ಮರಾಠಿ ನಾಡಿನ ಕಲ್ಯಾಣದ ನನ್ನ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಹಿಡಿದು ಗ್ರೈಂಡರಿನ ಬೆಲ್ಟ್ ಬದಲಿಸುವವರೆಗೆ ನಾನು ಮಾಡದ ಕೆಲಸವಿಲ್ಲ. ಹೀಗಿರುವಾಗ ಒಂದು ಕ್ಯಾಮೆರಾ ಜೋಡಿಸುವುದು ಯಾವ ಮಹಾ ವಿದ್ಯೆ!

ಕ್ಯಾಮೆರಾ ಬೇಕಾದದ್ದು ಕಳ್ಳರಿಗಾಗಿ ಅಲ್ಲ, ಹೆಂಡತಿಗಾಗಿ. ಅಡುಗೆಮನೆ ನೋಡಿಕೊಳ್ಳುತ್ತಿದ್ದ ಸುಮತಿ ಕಾಲು ಮುರಿದುಕೊಂಡು ಹೋಟೆಲಿನ ಮೇಲಿನ ಮನೆಯಲ್ಲಿ ಮಲಗಿದ್ದಳು. ಇಷ್ಟು ವರ್ಷ ತನ್ನ ಕಣ್ಣೆದುರು ಬೆಂದ ಸಾಂಬಾರು ಈಗ ಕಾಣದೆ ಬೇಯುತ್ತಿದೆ ಎಂಬ ಚಿಂತೆಯಲ್ಲಿ ಅವಳಿಗೆ ಊಟವೇ ಸೇರುತ್ತಿರಲಿಲ್ಲ.

"ಅಡುಗೆಮನೆಯನ್ನೇ ನಿನ್ನ ಮಂಚದೆದುರು ತಂದಿಡ್ತೇನೆ" ಎಂದು ಮಾತು ಕೊಟ್ಟೆ.

ಹಳೆಯ ಮಾದರಿಯ ಕ್ಯಾಮೆರಾ, ಒಂದು ಮಾನಿಟರ್, ಒಂದು ಸುರುಳಿ ವೈರು ತಂದೆ. ವೈರು ಜೋತಾಡಬಾರದಲ್ಲ? ಗ್ರೈಂಡರಿನ ಕರೆಂಟ್ ವೈರು ಹೋದ ದಾರಿಯಲ್ಲೇ ಇದನ್ನೂ ಒಯ್ದು, ಎರಡನ್ನೂ ಸೇರಿಸಿ, ಗೇಣಿಗೊಂದು ಬಾಳೆನಾರಿನ ಗಂಟು ಹಾಕಿದೆ. ಮಲ್ಲಿಗೆ ಕಟ್ಟಿದಷ್ಟು ಅಚ್ಚುಕಟ್ಟು!

ಗ್ರೈಂಡರ್ ತಿರುಗಿತು. ಮೇಲಿನಿಂದ ಫೋನ್ ಬಂತು.

"ಎಂಥ ಮಾರಾಯ್ರೆ ಇದು? ಅಡುಗೆ ಭಟ್ಟರ ಮೈಮೇಲೆ ದಪ್ಪ ದಪ್ಪ ಗೆರೆ ಹತ್ತುತ್ತಾ ಉಂಟು!"

"ಸ್ವಲ್ಪ ತಾಳು, ಹೊಸದಲ್ವಾ?"

ಗ್ರೈಂಡರ್ ನಿಂತಿತು. ಗೆರೆ ಮಾಯ! ಎರಡೇ ದಿನದಲ್ಲಿ ಸುಮತಿ ಆ ಗೆರೆಗಳನ್ನು ಓದಲು ಕಲಿತುಬಿಟ್ಟಳು. "ಇವತ್ತು ಗೆರೆ ಬೇಗ ನಿಂತಿತು. ಉದ್ದು ನುಣ್ಣಗಾಗಿಲ್ಲ" ಎಂದಳು. ಹಿಟ್ಟಿಗೆ ಕೈ ಹಾಕಿ ನೋಡಿದೆ. ತರಿತರಿ! ಅವಳ ವಿದ್ಯೆಗೆ ನಾನು ಬೆರಗಾದೆ. ನನ್ನ ವಿದ್ಯೆಗೆ ಅವಳು ಬೆರಗಾಗಲಿಲ್ಲ.

ಆದರೂ ನನ್ನ ಹುಮ್ಮಸ್ಸು ಇಳಿಯಲಿಲ್ಲ. ನಾನು ಕೂತು ಹಣ ಎಣಿಸುವ ಗಲ್ಲೆಯ ಬಳಿ ನನಗೂ ಒಂದು ಮಾನಿಟರ್ ಇರಲಿ ಎಂದು ವೈರನ್ನು ನಡುವೆ ಕತ್ತರಿಸಿ, ತಂತಿಗೆ ತಂತಿ ಹೊಸೆದು, ಟೇಪು ಸುತ್ತಿ ಕವಲು ತೆಗೆದೆ.

ಮತ್ತೆ ಫೋನ್.

"ಎರಡನೇ ಭಟ್ಟರನ್ನು ಯಾವಾಗ ಇಟ್ರಿ?"

"ಯಾರನ್ನು?"

"ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ. ಇಬ್ಬರೂ ಮಬ್ಬು. ಹಿಂದಿನವರು ಥೇಟ್ ಪ್ರೇತ!" ಅಷ್ಟರಲ್ಲಿ ಅವಳ ದನಿ ಒಡೆಯಿತು. "ಬೇಡ ಬಿಡಿ. ನನ್ನನ್ನೇ ಎತ್ತಿಕೊಂಡು ಹೋಗಿ ಕೆಳಗೆ ಕೂರಿಸಿ."

ಆಗ ನಾನು ಸೋತೆ. ಮರುದಿನ ಹತ್ತಿರದ ಐರೋಲಿಯಿಂದ ಕ್ಯಾಮೆರಾ ರಿಪೇರಿ ಮಾಡುವ ಬಾಯಿ ಒಬ್ಬರು ಬಂದರು. ಐವತ್ತು ದಾಟಿದ ಮರಾಠಿ ಹೆಂಗಸು. ಬಾಳೆನಾರು ನೋಡಿ ಹಣೆ ಹಣೆ ಚಚ್ಚಿಕೊಂಡರು.

"ಅಣ್ಣಾ, ಈ ವೈರಿನಲ್ಲಿ ಓಡುವುದು ಚಿತ್ರ. ಸೊಳ್ಳೆಯಷ್ಟು ಶಕ್ತಿ ಅದಕ್ಕೆ. ನೀವು ಅದನ್ನು ಆನೆಗೆ ಕಟ್ಟಿದ್ದೀರಿ!"

ವೈರನ್ನು ಬೇರೆ ಗೋಡೆಗೆ ಒಯ್ದರು. "ಪ್ರೇತ ಹುಟ್ಟಿದ್ದು ಇಲ್ಲಿಂದ" ಎಂದು ನನ್ನ ಟೇಪಿನ ಕವಲನ್ನು ಕಸದ ಬುಟ್ಟಿಗೆ ಒಗೆದರು. ಕ್ಯಾಮೆರಾದಿಂದ ಗಲ್ಲೆಯ ಮಾನಿಟರಿಗೆ, ಅದರ ಬೆನ್ನಿನಿಂದ ಮೇಲಿನ ಮಾನಿಟರಿಗೆ ಅಖಂಡ ವೈರು ಎಳೆದು, ತುದಿಗಳಿಗೆ ಸರಿಯಾದ ಕನೆಕ್ಟರ್ ಕೂರಿಸಿದರು. ಕೊನೆಗೆ ಗಲ್ಲೆಯ ಮಾನಿಟರಿನ ಹಿಂದೆ ಅಕ್ಕಿಕಾಳಿನಷ್ಟು ಸ್ವಿಚ್ಚೊಂದನ್ನು ಆಫ್ ಮಾಡಿ, "ಇದು ಕೊನೆಯ ಮಾನಿಟರಿನಲ್ಲಿ ಮಾತ್ರ ಆನ್ ಇರಬೇಕು, ಎರಡರಲ್ಲೂ ಇದ್ದರೆ ಚಿತ್ರ ಮಬ್ಬಾಗುತ್ತದೆ" ಎಂದರು.

ಅಬ್ಬಾ! ಸಾಂಬಾರಿನ ಹಬೆ ಕಂಡಿತು. ಇಡ್ಲಿಯ ಮೇಲಿನ ತೂತು ಕಂಡಿತು! ಕಿರುಬೆರಳಿಗಿಂತ ಸಪೂರದ ವೈರಿನೊಳಗೆ ಇಡೀ ಅಡುಗೆಮನೆ ಮಹಡಿ ಹತ್ತಿತ್ತು! ಒಳಗೆ ಓಡಿ, ಕ್ಯಾಮೆರಾದ ಕೆಳಗೆ ನಿಂತು, ಕೈಮುಗಿಯುವುದೊಂದು ಬಾಕಿ ಎಂಬಂತೆ ಅದನ್ನೇ ನೋಡಿದೆ. ಫೋನ್ ಮಾಡಿದೆ.

"ಹೇಗುಂಟು?"

"ಚಂದ ಉಂಟು. ಎಲ್ಲರೂ ಕೆಲಸದಲ್ಲಿದ್ದಾರೆ. ಬಾಯಿ ತೆರೆದು ನಿಂತ ಒಬ್ಬರನ್ನು ಬಿಟ್ಟು. ಸ್ವಲ್ಪ ಆಚೆ ಹೋಗಿ ಮಾರಾಯ್ರೆ, ಒಲೆ ಕಾಣ್ತಾ ಇಲ್ಲ!"

ಹೋದೆ. ಆ ಮಧ್ಯಾಹ್ನ ಅವಳು ಎರಡು ಸಲ ಅನ್ನ ಬಡಿಸಿಕೊಂಡಳು.

ಈಗ ನನ್ನಲ್ಲಿರುವುದು: ಹೋಟೆಲು ಒಂದು, ಕ್ಯಾಮೆರಾ ಒಂದು, ಮಾನಿಟರು ಎರಡು, ಯಜಮಾನಿ ಒಬ್ಬಳು. ಕೆಲಸದವರು ಏಳು ಮಂದಿ, ನನ್ನನ್ನೂ ಸೇರಿಸಿ.