ತಂಬಿಗಿ ಹಿಡದು ಇಳಿಸಿದ ತೂಕ

ನಾ ಏನರ ಗಂಭೀರ ಕೆಲಸಕ್ಕ ಕೈ ಹಾಕಿದ್ನೆಂದ್ರ ಮುಗೀತ್ರಿ, ಅದರಾಗ ನಗಿ ಹೆಂಗರ ಬಂದು ಸೇರ್ತೈತಿ. ಈ ಸಲದ್ದು ಭಾಳ ಗಂಭೀರದ್ದ ಇತ್ತು. ಸಾರವಾಡಕ್ಕ ಕೊಟ್ಟ ನಮ್ಮ ಅಕ್ಕನ ಎರಡೂ ಕಿಡ್ನಿ ಕೈ ಬಿಟ್ಟಿದ್ವು. ವಾರಕ್ಕ ಎರಡು ಸಲ ವಿಜಯಪುರಕ್ಕ ಬಂದು, ರಕ್ತ ತೊಳಿಯೋ ಮಷೀನಿಗೆ ಕೈ ಕೊಟ್ಟು ಮಲಗ್ತಿದ್ಲು. ನನ್ನ ಕಿಡ್ನಿ ಆಕಿಗೆ ಹೊಂದತೈತಿ ಅಂತ ಗೊತ್ತಾತು. ಡಾಕ್ಟರು ರಿಪೋರ್ಟ್ ಎಲ್ಲಾ ನೋಡಿ, ಆಮ್ಯಾಲ ನನ್ನ ಹೊಟ್ಟಿ ನೋಡಿ, "ಹತ್ತು ಹನ್ನೆರಡು ಕಿಲೋ ಇಳಿಸ್ಕೊಂಡು ಬರ್ರಿ. ಇಷ್ಟು ದಪ್ಪ ಇದ್ದವರನ್ನ ಕೊಯ್ಯಾಕ ನಾ ಒಪ್ಪಂಗಿಲ್ಲ. ಭಾಳ ತಡಾನೂ ಮಾಡಬ್ಯಾಡ್ರಿ" ಅಂದ್ರು.

ಅಕ್ಕನ ಜೀವ ನನ್ನ ಹೊಟ್ಟಿ ಮ್ಯಾಲ ಬಂದು ನಿಂತಿತ್ತು. ಆ ಚಿಂತ್ಯಾಗ ಅವತ್ತು ನನಗ ಊಟಾನ ಸೇರಲಿಲ್ಲ. ಅರ್ಧಾ ಬಿಟ್ಟ ತಾಟು ನೋಡಿ ಹೆಂಡ್ತಿ, "ಇವತ್ತ ಶುರು ಮಾಡಿದ್ರೇನು?" ಅಂದ್ಲು.

ದೊಡ್ಡ ಕಾಟಾ

ಟಿಕೋಟಾದಾಗ ನಂದು ಟ್ರ್ಯಾಕ್ಟರ್ ತೂಗೋ ಕಾಟಾ ಐತಿ. ಹರೇದಾಗ ಸೈಕಲ್ ರೇಸಿಗೆ ಹೋಗಿ ಕಪ್ಪು ತಂದಾಂವ ನಾ. ಕಾಟಾದ ಕೋಣ್ಯಾಗ ಕುಂತ ಮ್ಯಾಲ ಇಪ್ಪತ್ತು ವರ್ಷ ಎದ್ದಿಲ್ಲ ಅಂದ್ರೂ ನಡೀತೈತಿ. ಮಂದಿ ಮಾಲು ತೂಗಿಕೋತ ನನ್ನ ತೂಕ ನೋಡೋದ ಮರತಿದ್ದೆ. ಅಲ್ಲಿ ಕುಂತು ಕಲತದ್ದು ಒಂದ: ಗಾಡಿ ನೋಡಬಾರ್ದು, ಸುತ್ತ ನಿಂತವರ ಕಾಲು ನೋಡಬೇಕು. ತೂಕ ಹೆಚ್ಚಿಗಿ ಬರ್ಲಿ ಅಂತ ಮಾತಾಡಿಕೋತನ ಕಾಟಾದ ಅಂಚಿಗೆ ಹತ್ತಿ ನಿಂದರೋ ಮಂದಿ ಇರ್ತಾರ.

ಮರುದಿನ ಮುಂಜಾನೆ ಯಾರೂ ಇಲ್ಲಂತ ನಾನ ಹೋಗಿ ಕಾಟಾದ ನಡುವ ನಿಂತೆ. ಅಷ್ಟರಾಗ ಕನಮಡಿಯಿಂದ ಗೋವಿನಜೋಳ ಹೇರಿಕೊಂಡು ಒಬ್ಬ ಡ್ರೈವರ್ ಬಂದ. ಒಳಗ ಇಣುಕಿ ನಂಬರ್ ನೋಡಿದ, ನನ್ನೂ ನೋಡಿದ.

"ಸಾವಕಾರ, ಇದು ತುಂಬಿದ ಗಾಡಿ ತೂಕಾತ್ರಿ. ಮಾಲು ಇಳಿಸಿ ಬಂದು ಇನ್ನೊಮ್ಮಿ ನಿಂದರ್ರಿ, ಖಾಲಿ ತೂಕ ಕಳದು ಹೇಳ್ತೇನಿ."

ನಡಿಯಾಕ ಬಿಡಲಾರದ ಮಂದಿ

ಕಳ್ಳಕವಟಗಿ ರಸ್ತೆ ಹಿಡದು ದಿನಾ ಮುಂಜಾನೆ ನಡಿಯಾಕ ಹೊಂಟೆ. ನಮ್ಮ ಕಡೆ ಗುರ್ತಿನ ಮನಷ್ಯಾ ನಡಕೋತ ಹೊಂಟಿದ್ರ ಗಾಡಿ ನಿಲ್ಲಸಲಾರದ ಹೋಗೋದು ದೊಡ್ಡ ತಪ್ಪು. ಮೊದಲು ಹಾಲಿನಾಂವ ನಿಲ್ಲಿಸಿದ, "ಹತ್ರಿ." ನಾ ಬ್ಯಾಡಂದೆ. ಅಂವಗ ಸಿಟ್ಟ ಬಂತು, "ನಮ್ಮ ಗಾಡಿ ಹತ್ತಾಕ ನಾಚಿಕೇನ್ರಿ?" ಅಂದ. ಅಂವನ್ನ ಸಮಾಧಾನ ಮಾಡಾಕ ಹತ್ತಿದೆ. ಮುಂದ ಇಳದು ನಾಕು ಹೆಜ್ಜಿ ನಡಿಯೋದರಾಗ ನಮ್ಮ ಬೀಗರ ಜೀಪು. ಹತ್ತಿಸಿಕೊಂಡ್ರು, ಚಾ ಕುಡಿಸಿದ್ರು, ಸೂಸಲಾ ತಿನಿಸಿದ್ರು, ತಿರುಗಿ ನಮ್ಮ ಮನಿ ಬಾಗಲಿಗೆ ತಂದು ಬಿಟ್ಟು ಹೋದ್ರು. ಸಂಜೀಕ ಊರಾಗ ಸುದ್ದಿ: ಸಾವಕಾರ ಗಾಡಿ ಮಾರ್ಯಾನ, ಪಾಪ.

ಹಿಂಗ ಒಂದು ವಾರ ಹೋತು. ನಡದದ್ದು ಕಡಿಮಿ, ತಿಂದದ್ದು ಹೆಚ್ಚು. ಕಡೀಕೆ ನನ್ನ ಹಳೇ ಸೈಕಲ್ ದೋಸ್ತ ಒಂದು ಉಪಾಯ ಹೇಳಿದ.

"ಕೈಯಾಗ ಒಂದು ತಂಬಿಗಿ ನೀರು ಹಿಡಕೊಂಡು ನಡಿ. ಯಾವ ಮಗಾ ನಿಲ್ಲಸ್ತಾನ ನೋಡೂಣು."

ಖರೇನ, ಒಬ್ಬರೂ ನಿಲ್ಲಸಲಿಲ್ಲ. ತಂಬಿಗಿ ಕಂಡ ಕೂಡಲೆ ಮುಖ ಆ ಕಡೆ ತಿರಿವಿ ಎಕ್ಸಲೇಟರ್ ಹಿಂಡ್ತಿದ್ರು. ಎಂದೂ ನಡೀಲಾರದಷ್ಟು ನಡದೆ, ಹೊಟ್ಟಿ ಇಳಿಯಾಕ ಹತ್ತಿತು. ಆದ್ರ ಒಂದಿನ ಹಾಲಿನಾಂವ ನಮ್ಮ ಮನಿಗೆ ಬಂದು ಹೆಂಡ್ತಿ ಮುಂದ ದನಿ ತಗ್ಗಿಸಿ ಹೇಳಿದ್ನಂತ.

"ಅಕ್ಕಾರ, ಸಾವಕಾರಗ ಚಲೋ ಔಷಧ ಕೊಡಸ್ರಿ. ಅಷ್ಟು ದೂರ ಹೋಗ್ತಾರ, ಆದ್ರೂ ಆಗವಲ್ತಂತ ಕಾಣ್ತೈತಿ."

ದವಾಖಾನಿ ಮೆಟ್ಟಲಾ

ಅಕ್ಕ ಮಷೀನಿಗೆ ಮಲಗಿದಾಗ ನಾ ಸುಮ್ನ ಕುಂದ್ರಬಾರ್ದಂತ ದವಾಖಾನಿ ಮೆಟ್ಟಲಾ ಹತ್ತಿ ಇಳೀತಿದ್ದೆ. ಬೆವರು ಒರಸಿಕೋತ ಓಡ್ಯಾಡೋದು ನೋಡಿ ಒಬ್ಬ ಮುದುಕಿ ನನ್ನ ಕೈ ಹಿಡದು ನಿಲ್ಲಿಸಿದ್ಲು. "ಯಪ್ಪಾ, ಹಿಂಗ ಓಡ್ಯಾಡಿದ್ರ ದೇವರೇನು ಲಗೂ ಕೇಳ್ತಾನೇನು? ಕುಂದರು" ಅಂತ ಬಾಜೂಕ ಕುಂದರಿಸಿಕೊಂಡ್ಲು. ತನ್ನ ಗಂಟು ಬಿಚ್ಚಿ ಎರಡು ಶೇಂಗಾ ಹೋಳಗಿ ಕೊಟ್ಲು. ಆಕಿ ಗಂಡನೂ ಒಳಗ ಮಲಗಿದ್ದ. ಆ ಹೋಳಗಿ ಒಲ್ಲೆ ಅನ್ನೋ ಧೈರ್ಯ ನನಗ ಆಗಲಿಲ್ಲ. ತಿಂದು ಮತ್ತ ಮೆಟ್ಟಲಾ ಹತ್ತಿದೆ.

ಅಕ್ಕನ ತಾಟು

ಎಲ್ಲಾರಕಿಂತ ಕಾಡಿದಾಕಿ ನಮ್ಮ ಅಕ್ಕ. ಪಂಚಮಿಗೆ ಕರಿಯಾಕ ಹೋದ್ರ, ನಿಂದರಾಕ ತ್ರಾಣ ಇಲ್ಲದಾಕಿ ಒಲಿ ಮುಂದ ಕುಂತು ಉಂಡಿ ಕಟ್ಟಾಕತ್ತಿದ್ಲು. ಎಳ್ಳಿಂದು, ಶೇಂಗಾದ್ದು, ಅಳ್ಳಿಟ್ಟಿಂದು. ಆಕೀಗೆ ಒಂದೂ ತಿನ್ನೋಹಂಗಿಲ್ಲ. ಎಲ್ಲಾ ನನ್ನ ತಾಟಿಗೆ.

"ಭಾಳ ಸೊರಗೀಯಲ್ಲೋ ತಮ್ಮಾ. ತಿನ್ನು."

"ಅಕ್ಕಾ, ಸೊರಗಬೇಕಂತನ ಸೊರಗಾಕತ್ತೇನಿ."

"ತಿನ್ನು ಅಂದ್ನಿ."

ಆಕಿ ಆ ಕಡೆ ತಿರಿಗಿದಾಗ ಎರಡು ಉಂಡಿ ಕಿಸೇದಾಗ ಹಾಕಿದೆ. ಅಕ್ಕನ ಗಂಡ, ನಮ್ಮ ಮಾವ, ಹಿಂದ ಬಂದು ಸಣ್ಣ ದನೀಲೆ, "ನನ್ನ ಕಿಸೆ ತುಂಬೇತಿ, ಇಲ್ಲಂದ್ರ ನಾನೂ ನಾಕು ಇಟಗೋತಿದ್ದೆ" ಅಂದ. ಆಮ್ಯಾಲ ನಗಿ ನಿಲ್ಲಿಸಿ, "ನೀ ಬರ್ತಿ ಅಂದ ದಿನಾ ಈಕಿ ತುಪ್ಪದ ಡಬ್ಬಿ ಮುಂದ ಇಟಗೊಂಡ ಕುಂದರತಾಳ. ಯಾಕೋ ನನಗ ತಿಳೀವಲ್ದು" ಅಂದ. ನನಗೂ ತಿಳೀಲಿಲ್ಲ. ತಂಗಿ ತಮ್ಮಂದಿರಂದ್ರ ಆಕಿಗೆ ಮೊದಲಿಂದಲೂ ಹಂಗ.

ಸಣ್ಣ ಕಾಟಾ

ಕಡೀಕೆ ತೂಕ ನೋಡೋ ದಿನಾ ಬಂತು. ಅಕ್ಕನೂ ಸಂಗಾಟ ಬಂದಿದ್ಲು. ಕೈ ಊದಿತ್ತು, ಮಾರಿ ಕಪ್ಪಾಗಿತ್ತು. ಊರಾಗ ನನ್ನ ಕಾಟಾದ ಮ್ಯಾಲ ಸರೀ ಬಂದಿತ್ತು, ಹಿಂಗಾಗಿ ನಾ ಧೈರ್ಯದಿಂದ ಡಾಕ್ಟರ ಕಾಟಾ ಹತ್ತಿದೆ. ಅಕ್ಕ ನನ್ನ ಬೆನ್ನ ಹಿಂದ ಬಂದು ಹೆಗಲ ಹಿಡಕೊಂಡು ನಿಂತ್ಲು.

"ಇನ್ನೂ ಐದು ಕಿಲೋ ಹೆಚ್ಚಿಗಿ ಐತ್ರಿ" ಅಂದ್ರು ಡಾಕ್ಟರು. ಇಳದು ಮತ್ತ ಹತ್ತಿದೆ. ಈ ಸಲ ಏಳು ಕಿಲೋ.

"ಅಂವನ ಕೈಲೆ ಆಗಂಗಿಲ್ರಿ" ಅಂದ್ಲು ಅಕ್ಕ, ಸಮಾಧಾನದಿಂದ. "ಬಿಡ್ರಿ ಅಂವನ್ನ."

ಇಪ್ಪತ್ತು ವರ್ಷದ ಚಟಾ ನೋಡ್ರಿ, ನನ್ನ ಕಣ್ಣು ತಾನ ಕೆಳಗ ಹೋತು. ನನ್ನ ಹಿಮ್ಮಡದ ಹಿಂದ, ಸೀರಿ ನಿರಿಗಿ ಒಳಗಿಂದ, ಕಾಲುಂಗರದ ಸಮೇತ ಒಂದು ಕಾಲು ಕಾಟಾ ಹತ್ತಿತ್ತು.

"ಅಕ್ಕಾ, ಕಾಲು ತಗಿ."

ಆಕಿ ತಗೀಲಿಲ್ಲ. ಇನ್ನೊಂದೀಟು ಒತ್ತಿದ್ಲು. "ನಿನಗೂ ಹೆಂಡ್ತಿ ಮಕ್ಕಳದಾರ. ನಿನಗೇನರ ಆದ್ರ ನಾ ಆ ಕಿಡ್ನಿ ಇಟಗೊಂಡು ಬದುಕಿ ಏನು ಮಾಡ್ಲಿ?" ಅಂತ ಅತ್ಲು. ಉಂಡಿ, ತುಪ್ಪ ಯಾಕಂತ ಆವಾಗ ನನಗ ತಿಳೀತು. ಕಾಟಾ ಒತ್ತಿ ಸಿಕ್ಕವರನ್ನ ನಾ ಭಾಳ ಮಂದೀನ್ನ ಬೈದೇನಿ. ಅವರೆಲ್ಲಾ ತಮಗ ಹೆಚ್ಚಿಗಿ ಬರ್ಲಿ ಅಂತ ಒತ್ತಿದವರು. ತನಗ ಬರೋದು ಬರಬಾರ್ದು ಅಂತ ಒತ್ತಿದಾಕಿ ಇವಳೊಬ್ಬಾಕೀನ. ಡಾಕ್ಟರು ಎದ್ದು ಬಂದು, ಆಕಿ ಕೈ ಹಿಡದು ಮೂಲ್ಯಾಗಿನ ಖುರ್ಚಿ ಮ್ಯಾಲ ಕುಂದರಿಸಿದ್ರು. ನನ್ನ ತೂಕ ಸರೀ ಇತ್ತು.

ಆಪರೇಶನ್ ಆತು. ಈಗ ಇಬ್ರೂ ಆರಾಮದೀವಿ. ಸಾರವಾಡಕ್ಕ ಹೋದ್ರ ಅಕ್ಕ ಒಂದ ಹೋಳಗಿ ನೀಡ್ತಾಳ, ಎರಡನೇದಕ್ಕ ಕೈ ಚಾಚಿದ್ರ ತಾಟ ಎತ್ತಿಕೊಂಡು ಹೋಗ್ತಾಳ. "ಈ ಕಿಡ್ನಿ ಜೋಡಿದು ನಿನ್ನ ಹಂತ್ಯಾಕ ಐತಿ, ಅದನ್ನ ಕೆಡಿಸಿಗಿಡಿಸೀಯಿ" ಅಂತಾಳ. ಅಷ್ಟಕ್ಕ ಬಿಡಂಗಿಲ್ಲ. ದಿನಾ ಹೊತ್ತು ಮೂಡೋದರಾಗ ಆಕಿ ಫೋನು ಬರ್ತೈತಿ, ಆರಾಮದೀಯೇನು ಅಂತನೂ ಕೇಳಂಗಿಲ್ಲ.

"ತಂಬಿಗಿ ತಗೊಂಡು ಹೊಂಟೀಯೋ, ಇನ್ನೂ ಹಾಸಿಗ್ಯಾಗ ಬಿದ್ದೀಯೋ?"